ಎರಡು ಸಲ ತಟ್ಟಿದರೆ

ಮಂಗಳವಾರ, ಮಧ್ಯಾಹ್ನ ಮೂರು ಗಂಟೆ

ರೀ,

ಕಾಗದದಲ್ಲಿ ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಮೂರು ಹಾಳೆ ಹರಿದು ಹಾಕಿದೆ. ಒಂದರಲ್ಲಿ ಪ್ರೀತಿಯ ಎಂದು ಬರೆದೆ. ಹದಿನಾಲ್ಕು ತಿಂಗಳಿಂದ ನಿಮ್ಮಮ್ಮನ ಮಾತ್ರೆ, ಗ್ಯಾಸ್ ಸಿಲಿಂಡರ್ ಬಿಟ್ಟು ಬೇರೇನೂ ಮಾತಾಡದವಳ ಕೈಯಲ್ಲಿ ಅದು ಚೆನ್ನಾಗಿ ಕಾಣಲಿಲ್ಲ. ಇನ್ನೊಂದರಲ್ಲಿ ಮಾನ್ಯರೇ ಎಂದು ಬರೆದೆ, ಕರೆಂಟ್ ಆಫೀಸಿಗೆ ದೂರು ಕೊಟ್ಟ ಹಾಗಾಯಿತು. ಮನೆಯಲ್ಲಿ ಹದಿನಾರು ವರ್ಷ ಕರೆದದ್ದೇ ಇರಲಿ ಎಂದು ಕೊನೆಗೆ ಹೀಗೆ ಶುರು ಮಾಡಿದ್ದೇನೆ.

ಗಾಬರಿಯಾಗಬೇಡಿ, ಮೂವರೂ ಚೆನ್ನಾಗಿದ್ದೇವೆ. ಬರುವ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನೀವು ಇಲ್ಲಿರಬೇಕು, ಅದನ್ನು ಹೇಳಲು ಈ ಕಾಗದ. ಫೋನಿನಲ್ಲಾದರೆ ನಾನು ಮಾತಾಡುತ್ತಾ ಹೋಗುತ್ತೇನೆ, ನೀವು ಹೂಂ ಎನ್ನುತ್ತಾ ಹೋಗುತ್ತೀರಿ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಯಾಕೆ ಬರಬೇಕು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ. ಚಿಕ್ಕದಾಗಿ ಹೇಳುವುದು ನನ್ನಿಂದಾಗದು ಎಂದು ನಿಮಗೆ ಗೊತ್ತೇ ಇದೆ.

ನೀವು ಹೋಗಿ ಮೂರು ತಿಂಗಳಾಗಿತ್ತು. ಒಬ್ಬ ಹೆಂಗಸು ಒಂದು ಮೂಟೆ ಬಿಳಿ ಅಂಗಿ ಹೊತ್ತುಕೊಂಡು ನನ್ನ ಹೊಲಿಗೆ ಕೋಣೆಗೆ ಬಂದರು. ಅರವತ್ತು ದಾಟಿದವರು, ನನ್ನ ಭುಜದಷ್ಟೂ ಎತ್ತರವಿಲ್ಲ. ಮೊದಲು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರಂತೆ, ಈಗ ಸೈಕಲ್ ಅಂಗಡಿಯ ಮಹಡಿಯಲ್ಲಿ ಜೂಡೋ ಹೇಳಿಕೊಡುತ್ತಾರಂತೆ. ಅಂಗಿಗಳೆಲ್ಲ ಕಂಕುಳಲ್ಲಿ, ಕೊರಳಪಟ್ಟಿಯಲ್ಲಿ ಕಿತ್ತುಬಂದಿದ್ದವು. ಗೋಣಿಚೀಲದಷ್ಟು ದಪ್ಪ ಬಟ್ಟೆ, ಹದಿನೆಂಟನೇ ನಂಬರ್ ಸೂಜಿ ಹಾಕಿದರೂ ಎರಡು ಮುರಿದವು. ಇಂಥ ಬಟ್ಟೆ ಹೀಗೆ ಕಿತ್ತುಬರಬೇಕಾದರೆ ಅದರೊಳಗಿರುವ ಜನ ಏನು ಮಾಡುತ್ತಾರೆ ಎಂದು ಕೇಳಿದೆ. ಬಂದು ನೋಡಿ, ಮನೆಯಲ್ಲಿ ಮಕ್ಕಳಿದ್ದರೆ ಕರೆದುಕೊಂಡು ಬನ್ನಿ ಎಂದರು.

ಆಗ ನಿಮ್ಮ ಮಗಳು, ನಮ್ಮ ಇಲಿಮರಿ, ಹೇಗಿದ್ದಳು ಎಂದು ನಾನು ನಿಮಗೆ ಹೇಳಿರಲಿಲ್ಲ. ಚೆನ್ನಾಗಿದ್ದಾಳೆ, ಓದುತ್ತಿದ್ದಾಳೆ ಎನ್ನುತ್ತಿದ್ದೆ. ಅದು ಸುಳ್ಳು. ಶಾಲೆಯಿಂದ ಬಂದವಳೇ ಬ್ಯಾಗ್ ಎಸೆದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ತಲೆ ಬಾಚಲು ಹೋದರೆ ಬಾಚಣಿಗೆ ಕಿತ್ತುಕೊಳ್ಳುತ್ತಿದ್ದಳು. ಭುಜ ಮುಟ್ಟಿದರೆ ಬಿಸಿ ತಾಗಿದವಳಂತೆ ಸರಿಯುತ್ತಿದ್ದಳು. ನೀವು ಭಾನುವಾರ ಫೋನ್ ಮಾಡಿದಾಗ ಹೂಂ, ಊಹೂಂ ಎಂದಷ್ಟೇ ಅನ್ನುತ್ತಿದ್ದಳಲ್ಲ, ಅದು ಅಪ್ಪನ ಮೇಲಿನ ಕೋಪ ಎಂದು ನೀವು ತಿಳಿದಿರಿ. ಹಾಗೇ ತಿಳಿದುಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ನನಗೆ ಆ ಹೂಂ ಕೂಡ ಸಿಗುತ್ತಿರಲಿಲ್ಲ.

ಶನಿವಾರ ಸಂಜೆ ಅಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕಲಿಯುವ ತರಗತಿ. ಮಕ್ಕಳನ್ನು ಮಾತ್ರ ಬಿಟ್ಟು ಹೋಗುವಂತಿಲ್ಲ, ಮನೆಯವರು ಯಾರಾದರೂ ನೆಲಕ್ಕೆ ಹಾಕಿರುವ ದಪ್ಪ ಹಾಸಿನ ಮೇಲೆ ಇಳಿಯಲೇಬೇಕು. ನಾನು ಇಳಿದೆ, ಇಲಿಮರಿ ಮುಖ ಊದಿಸಿಕೊಂಡೇ ನನ್ನ ಹಿಂದೆ ಇಳಿದಳು. ನೋಡಲೆಂದು ಬಂದು ಬೆಂಚಿನ ಮೇಲೆ ಕೂತಿದ್ದ ಅತ್ತೆ ಮೂರನೇ ವಾರ ನನ್ನ ಹಳೇ ಪೈಜಾಮ ಹಾಕಿಕೊಂಡು ತಾವೂ ಇಳಿದರು. ಎಪ್ಪತ್ತೊಂದು ವರ್ಷಕ್ಕೆ ಇದೆಲ್ಲ ಬೇಕೇ ಎಂದು ನಾನು ತಡೆದೆ. ಇಲ್ಲಿ ಮೊದಲು ಕಲಿಸುವುದೇ ಬೀಳುವುದನ್ನು, ಬೀಳುವ ವಯಸ್ಸು ತಮ್ಮದೇ ತಾನೇ ಎಂದರು. ಟೀಚರ್‌ಗೆ ಅವರೆಂದರೆ ಅಚ್ಚುಮೆಚ್ಚು.

ಗದ್ದ ಎದೆಗೆ ಒತ್ತಿಕೊಳ್ಳಬೇಕು, ಬೆನ್ನು ದುಂಡಗೆ ಮಾಡಬೇಕು, ನೆಲ ಮುಟ್ಟುವ ಹೊತ್ತಿಗೆ ಅಂಗೈಯಿಂದ ಹಾಸನ್ನು ಜೋರಾಗಿ ಬಡಿಯಬೇಕು. ನಿಮ್ಮಮ್ಮ ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದರು. ಇದನ್ನೂ ಹೇಳಿರಲಿಲ್ಲ, ಈಗ ಹೇಳಿದ್ದೇನೆ. ಸದ್ದು ಕೇಳಿ ನಾನು ಓಡಿದರೆ ಮಗ್ಗುಲಾಗಿ ಬಿದ್ದಿದ್ದರು, ಗದ್ದ ಎದೆಯಲ್ಲಿತ್ತು, ಕೈ ಚಾಚಿತ್ತು. ಸರಿಯಾಗಿ ಬಿದ್ದೆನೋ ಇಲ್ಲವೋ ಎಂದು ಮೊದಲು ನನ್ನನ್ನೇ ಕೇಳಿದರು. ತೊಡೆಯ ಮೇಲೆ ಒಂದು ನೀಲಿ ಗುರುತು ಬಿಟ್ಟರೆ ಏನೂ ಆಗಲಿಲ್ಲ. ಒಂದು ವಾರ ಬಂದವರಿಗೆಲ್ಲ ಆ ಕಥೆ ಹೇಳಿ ತಲೆ ತಿಂದರು.

ನಾನು ನಿಮಗೆ ಹೇಳಬೇಕಾದದ್ದು ಇನ್ನೊಂದಿದೆ. ಜೂಡೋದಲ್ಲಿ ಒಬ್ಬರನ್ನೊಬ್ಬರು ನೆಲಕ್ಕೆ ಅದುಮಿ ಹಿಡಿಯುತ್ತಾರೆ. ಕೆಳಗಿರುವವರಿಗೆ ಸಾಕು ಅನ್ನಿಸಿದರೆ ಮೇಲಿನವರ ಮೈಗೆ ಎರಡು ಸಲ ತಟ್ಟಬೇಕು. ತಟ್ಟಿದ ಕೂಡಲೇ ಹಿಡಿದವರು ಬಿಟ್ಟುಬಿಡಬೇಕು. ಯಾಕೆ ಎಂದು ಕೇಳುವಂತಿಲ್ಲ, ಇನ್ನೊಂದು ಚೂರು ಎನ್ನುವಂತಿಲ್ಲ, ತಟ್ಟಿದವರನ್ನು ನೋಡಿ ನಗುವಂತಿಲ್ಲ. ಇಬ್ಬರೂ ಎದ್ದು, ತಲೆ ಬಾಗಿ, ಮತ್ತೆ ಮೊದಲಿನಿಂದ ಶುರು. ಟೀಚರ್ ಉಳಿದದ್ದರಲ್ಲೆಲ್ಲ ಸಡಿಲ, ಇದೊಂದರಲ್ಲಿ ಮಾತ್ರ ಬಿಗಿ.

ನಾನು ತಟ್ಟಲಿಲ್ಲ. ನಾಲ್ಕು ವಾರ ಯಾರು ಹಿಡಿದರೂ ತಟ್ಟಲಿಲ್ಲ. ಉಸಿರು ಕಟ್ಟಿ ಮುಖ ಕೆಂಪಗಾದಾಗ ಟೀಚರೇ ಬಂದು ಬಿಡಿಸಬೇಕಾಗುತ್ತಿತ್ತು. ನಾಲ್ಕನೇ ವಾರ ಚಪ್ಪಲಿ ಹಾಕಿಕೊಳ್ಳುವಾಗ ಅವರು, ಮನೆಯಲ್ಲೂ ನೀವು ಹೀಗೇನಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೌದೆಂದರು.

ಐದನೇ ವಾರ ಇಲಿಮರಿಗೂ ನನಗೂ ಜೋಡಿ ಬಿತ್ತು. ಅವಳು ನನ್ನನ್ನು ಕೆಡವಿ ಎದೆಯ ಮೇಲೆ ಅಡ್ಡ ಮಲಗಿ ಹಿಡಿದಳು. ಎಷ್ಟು ಭಾರವಾಗಿದ್ದಾಳೆ ಗೊತ್ತೇ? ತಿಂಗಳುಗಟ್ಟಲೆ ಬೆರಳು ತಾಗಿಸಲು ಬಿಡದ ಮಗಳ ಇಡೀ ಮೈಭಾರ ನನ್ನ ಮೇಲಿತ್ತು, ಬೆವರಿದ ಕೂದಲು ನನ್ನ ಕೆನ್ನೆಗೆ ಅಂಟಿತ್ತು. ಬಿಡಿಸಿಕೊಳ್ಳಬೇಕು ಎಂಬುದೇ ಮರೆತುಹೋಯಿತು. ನನ್ನ ಕೈ ತನ್ನಷ್ಟಕ್ಕೆ ಅವಳ ಬೆನ್ನಿಗೆ ಹೋಗಿ, ಚಿಕ್ಕವಳಿದ್ದಾಗ ಮಲಗಿಸುತ್ತಿದ್ದ ಹಾಗೆ ತಟ್ಟತೊಡಗಿತು.

ಎರಡನೇ ಏಟಿಗೇ ಅವಳು ಬಿಟ್ಟು ಎದ್ದಳು. ಅಮ್ಮ ತಟ್ಟಿದ್ಲು ಎಂದು ಹಾಲ್‌ಗೆಲ್ಲ ಕೇಳುವಂತೆ ಕೂಗಿದಳು. ನಾನು ಸೋತಿಲ್ಲ ಕಣೇ, ನಿನ್ನನ್ನು ಮಲಗಿಸುತ್ತಿದ್ದೆ ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಎಲ್ಲರೂ ನಕ್ಕರು. ಅವಳ ಮುಖ ಕೆಂಪೇರಿತು, ಇನ್ನು ಇವಳು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ. ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ ಬಂದು ಮತ್ತೆ ನನ್ನ ಮೇಲೆ ಮಲಗಿ, ಮುಖ ಯಾರಿಗೂ ಕಾಣದ ಹಾಗೆ ನನ್ನ ಕುತ್ತಿಗೆಗೆ ಒತ್ತಿಕೊಂಡು ಹೇಳಿದಳು:

“ಹಂಗಾದ್ರೆ ತಟ್ಟು. ಈ ಸಲ ಬಿಡಲ್ಲ.”

ಎಷ್ಟು ಹೊತ್ತು ತಟ್ಟಿದೆನೋ ತಿಳಿಯದು. ಟೀಚರ್ ಉಳಿದವರನ್ನೆಲ್ಲ ಹಾಲ್‌ನ ಆಚೆ ತುದಿಗೆ ಕರೆದುಕೊಂಡು ಹೋದರು.

ಅಂದಿನಿಂದ ಆ ನಿಯಮ ನಮ್ಮ ಜೊತೆ ಮನೆಗೂ ಬಂತು. ನಾನು ಮಾತು ಎಳೆಯತೊಡಗಿದರೆ ಇಲಿಮರಿ ಟೇಬಲ್ಲಿಗೆ ಎರಡು ಸಲ ತಟ್ಟುತ್ತಾಳೆ, ನಾನು ನಿಲ್ಲಿಸಬೇಕು. ಮೊದಲ ವಾರ ಬಾಯಿ ಬಿಗಿಹಿಡಿದು ನನಗೆ ದವಡೆ ನೋವೇ ಬಂತು. ಅತ್ತೆಯಂತೂ ಇದನ್ನು ಚೆನ್ನಾಗಿ ದುರುಪಯೋಗ ಮಾಡಿಕೊಂಡಿದ್ದಾರೆ, ಮಾತ್ರೆ ನುಂಗಿದಿರಾ ಎಂದರೂ ಲೋಟಕ್ಕೆ ಎರಡು ಸಲ ತಟ್ಟುತ್ತಾರೆ. ಆದರೆ ಒಂದು ವಿಚಿತ್ರ ನೋಡಿ. ನಾನು ಬಾಯಿ ಮುಚ್ಚಿ ಹತ್ತು ನಿಮಿಷವಾದರೆ ಇಲಿಮರಿ ತಾನೇ ಬಂದು ಪಕ್ಕದಲ್ಲಿ ಕೂರುತ್ತಾಳೆ. ಕ್ಲಾಸಿನ ಮೂವರು ಹುಡುಗಿಯರು ಅವಳನ್ನು ಅಪ್ಪ ಬಿಟ್ಟು ಹೋದವಳು ಎಂದು ಕರೆಯುತ್ತಿದ್ದರು ಎಂಬುದು ನನಗೆ ತಿಳಿದದ್ದು ಹಾಗೆ. ಅಷ್ಟು ತಿಂಗಳು ನಾನು ಬೈದು, ಕೆದಕಿ ಕೇಳಿದರೂ ಹೊರಬರದಿದ್ದ ಮಾತದು.

ಯಾರನ್ನೂ ಎತ್ತಿ ಹಾಕಿಲ್ಲ, ಹೆದರಬೇಡಿ. ಆ ಹುಡುಗಿಯರ ಎದುರು ನೆಟ್ಟಗೆ ನಿಂತು ಸಾಕು ಎಂದಳಂತೆ, ಅಷ್ಟೇ. ಇಬ್ಬರು ಬಿಟ್ಟಿದ್ದಾರೆ, ಒಬ್ಬಳು ಇನ್ನೂ ಗೊಣಗುತ್ತಾಳಂತೆ. ಆದರೆ ಅವಳ ಬೆನ್ನು ನೋಡಬೇಕು ನೀವು. ಯೂನಿಫಾರ್ಮಿನ ಅಳತೆ ತೆಗೆಯುವಾಗ ಭುಜ ಒಂದು ಇಂಚು ಹೆಚ್ಚು ಬಂತು. ಬೆಳೆದದ್ದು ಸ್ವಲ್ಪ, ಕುಗ್ಗಿದ್ದ ಭುಜ ಬಿಚ್ಚಿಕೊಂಡದ್ದು ಸ್ವಲ್ಪ ಇರಬೇಕು.

ಮೆಷಿನ್ ತುಳಿಯುತ್ತಾ ನಾನು ಈಗೀಗ ನಿಮ್ಮನ್ನು ನೆನೆಯುತ್ತೇನೆ. ನಾನು ದನಿ ಏರಿಸಿದಾಗಲೆಲ್ಲ ನೀವು ಕನ್ನಡಕ ತೆಗೆದು ಒರೆಸುತ್ತಿದ್ದಿರಿ. ಇನ್ನೂ ಹೆಚ್ಚಾದರೆ ಸ್ಕ್ರೂಡ್ರೈವರ್ ತೆಗೆದುಕೊಂಡು ಬಿಗಿಯಾಗಿದ್ದ ಕಿಟಕಿಯ ಸ್ಕ್ರೂವನ್ನೇ ಮತ್ತೆ ಬಿಗಿ ಮಾಡುತ್ತಿದ್ದಿರಿ. ಊರಿನ ಲಿಫ್ಟ್‌ಗಳನ್ನೆಲ್ಲ ರಿಪೇರಿ ಮಾಡುವ ಮನುಷ್ಯ ಹೆಂಡತಿಯ ಮಾತಿಗೆ ಉತ್ತರ ಕೊಡುವುದಿಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದು ನೀವು ತಟ್ಟುತ್ತಿದ್ದದ್ದು ಎಂದು ನನಗೆ ತಿಳಿಯಲಿಲ್ಲ. ತಿಳಿದಿದ್ದರೂ ಬಿಡುತ್ತಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.

ಮನೆಯಲ್ಲಿ ಒಂದು ಮಾತೂ ಕೇಳದೆ ನೀವು ವರ್ಗಾವಣೆ ಒಪ್ಪಿಕೊಂಡದ್ದು ತಪ್ಪು. ಇವತ್ತೂ ತಪ್ಪೆಂದೇ ಹೇಳುತ್ತೇನೆ, ಅದರಲ್ಲಿ ರಾಜಿಯಿಲ್ಲ. ಆದರೆ ಅದಕ್ಕಾಗಿ ನಾನು ಮೂರು ದಿನ ಹಳೆಯದನ್ನೆಲ್ಲ ಎತ್ತಿ ಆಡಬೇಕಿರಲಿಲ್ಲ. ನೀವಿಲ್ಲದಿದ್ದರೆ ಈ ಮನೆ ನೆಮ್ಮದಿಯಾಗಿರುತ್ತದೆ ಎಂದು ಹೇಳಬೇಕಿರಲಿಲ್ಲ. ನೀವು ಅಂದು ಸಂಜೆ ಎದ್ದು ಹೊರಗೆ ಹೋದಿರಿ, ನಾನು ಒಳಗಿನಿಂದ ಚಿಲಕ ಹಾಕಿದೆ. ಅತ್ತೆಯೂ ಇಲಿಮರಿಯೂ ಡಾಕ್ಟರ ಹತ್ತಿರ ಹೋಗಿದ್ದರು. ನೀವು ತಿರುಗಿ ಬಂದು ಬಾಗಿಲು ತಟ್ಟಿದಾಗ ನಾನು ಮೆಷಿನ್ ಮುಂದಿದ್ದೆ, ಆ ಸದ್ದಿನಲ್ಲಿ ಕೇಳಲಿಲ್ಲ ಎಂದು ನಿಮಗೂ ಅವರಿಬ್ಬರಿಗೂ ಹೇಳಿದ್ದೇನೆ. ಕಂಪನಿಯ ವ್ಯಾನ್ ಕಾಯುತ್ತಿತ್ತು, ನೀವು ಹೊರಟುಹೋದಿರಿ. ಅದನ್ನು ಮತ್ತೆ ಕೆದಕುವುದಿಲ್ಲ.

ಈಗ ಭಾನುವಾರದ ವಿಷಯ. ಇಲಿಮರಿಗೆ ಹಳದಿ ಬೆಲ್ಟಿನ ಪರೀಕ್ಷೆ ಇದೆ. ಮನೆಯವರೊಬ್ಬರು ಎದುರು ನಿಲ್ಲಬೇಕು, ಅವಳು ಅವರನ್ನು ಕೆಡವಿ ಹಿಡಿಯಬೇಕು, ಅವರು ತಟ್ಟಿದ ಕೂಡಲೇ ಬಿಡಬೇಕು. ಬಿಡುವುದಕ್ಕೂ ಅಂಕವಿದೆ. ಅರ್ಜಿಯಲ್ಲಿ ಜೊತೆಗಾರರ ಹೆಸರಿನ ಜಾಗದಲ್ಲಿ ಅವಳು ಮೊದಲು ಅಪ್ಪ ಎಂದು ಬರೆದು, ಹೊಡೆದುಹಾಕಿ, ಅಮ್ಮ ಎಂದು ಬರೆದು, ಅದನ್ನೂ ಅಳಿಸಿದ್ದಳು. ಕಾಗದ ತೂತಾಗಿತ್ತು. ಕರೆಯೋಣವೇ ಎಂದು ಕೇಳಿದೆ. ಬಾರದಿದ್ದರೆ ಎಂದಳು. ಬಂದರೆ ಎಂದೆ ನಾನು. ಅವಳು ಪೆನ್ಸಿಲ್ ಕಚ್ಚುತ್ತಾ ಇಷ್ಟು ಹೇಳಿದಳು:

“ಅಪ್ಪಂಗೆ ಬೀಳೋಕೆ ಬರಲ್ವಲ್ಲಮ್ಮ, ಪಾಪ. ಮೊದ್ಲು ಹೇಳ್ಕೊಡ್ಬೇಕು.”

ಅದಕ್ಕೇ ಒಂಬತ್ತಕ್ಕೆ ಬನ್ನಿ ಎಂದದ್ದು. ಪರೀಕ್ಷೆ ಹತ್ತಕ್ಕೆ, ಒಂದು ಗಂಟೆ ಟೀಚರ್ ನಿಮಗೆ ಬೀಳುವುದನ್ನು ಹೇಳಿಕೊಡುತ್ತಾರೆ, ನಿಮ್ಮಮ್ಮ ಮಾಡಿ ತೋರಿಸುತ್ತಾರೆ. ನಿಮಗೊಂದು ಅಂಗಿ ಹೊಲಿದಿಟ್ಟಿದ್ದೇನೆ. ಅಳತೆ ಪುಸ್ತಕ ತೆರೆಯಲಿಲ್ಲ. ಟೂಲ್ ಬ್ಯಾಗ್ ಹೊತ್ತು ನಿಮ್ಮ ಎಡ ಭುಜ ಇಳಿದಿದೆಯಲ್ಲ, ಆ ತೋಳನ್ನು ಅರ್ಧ ಇಂಚು ಉದ್ದ ಬಿಟ್ಟಿದ್ದೇನೆ. ಕಂಕುಳಲ್ಲಿ ಮೂರು ಸಾಲು ಹೊಲಿಗೆ ಹಾಕಿದ್ದೇನೆ, ಮಗಳು ಎಷ್ಟು ಎಳೆದರೂ ಕಿತ್ತುಬರುವುದಿಲ್ಲ.

ಮಗಳಿಗಾಗಿ ಬನ್ನಿ ಎಂದು ಬರೆದು ಇಲ್ಲಿಗೆ ಮುಗಿಸಬೇಕೆಂದಿದ್ದೆ. ಅಷ್ಟಾದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ನನಗಾಗಿಯೂ ಬನ್ನಿ. ಮನೆಯಲ್ಲಿ ನಾನು ಎರಡು ಜನರ ಪಾಲಿನ ಮಾತಾಡಿ ಮುಗಿಸಿದ್ದೇನೆ, ನಿಮ್ಮ ಹೂಂ ಇಲ್ಲದೆ ನನಗೆ ಆಗುತ್ತಿಲ್ಲ. ವರ್ಗಾವಣೆಯ ಮಾತನ್ನು ಕೂತು ಆಡೋಣ. ನೀವು ಟೇಬಲ್ಲಿಗೆ ತಟ್ಟಿದರೆ ನಾನು ನಿಲ್ಲಿಸುತ್ತೇನೆ. ನನಗೆ ಸಾಕಾಗಿದೆ ರೀ. ಈ ಕಾಗದವನ್ನು ನಾನು ತಟ್ಟಿದ್ದು ಎಂದೇ ತಿಳಿದುಕೊಳ್ಳಿ.

ಇಂತಿ,
ನಿಮ್ಮ ರೇಡಿಯೋ
(ನೀವು ಇಟ್ಟ ಹೆಸರೇ)

ಮತ್ತೆ: ಇದೊಂದು ಮರೆತಿದ್ದೆ ಎಂದು ಬರೆಯಲು ಹೊರಟೆ, ಮರೆತಿರಲಿಲ್ಲ. ಆ ಸಂಜೆ ಮೆಷಿನ್ ಓಡುತ್ತಿರಲಿಲ್ಲ. ಅದರ ಬೆಲ್ಟು ಬೆಳಿಗ್ಗೆಯೇ ತುಂಡಾಗಿತ್ತು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದೆ. ನೀವು ಎರಡು ಸಲ ತಟ್ಟಿದಿರಿ. ಎರಡೂ ನನ್ನ ಬೆನ್ನಿಗೆ ತಾಗಿದವು.