ಈಸ್ಟರ್ ಮಂಗಳವಾರದ ನೀರು

ಯವೊರಿನಾ ಹಳ್ಳಿ, ಸ್ಲೊವಾಕಿಯಾ
ಏಪ್ರಿಲ್ ೧೯೪೯

ಮೊಮ್ಮಗ ವೆಂಡೆಲಿನನಿಗೆ,

ಕಾಗದ ಓದುವಾಗ ನೆಟ್ಟಗೆ ಕೂತುಕೋ, ನಾಚಿಕೆಗೇಡಿ! ಪೊಲೀಸ್ ಲಾರಿ ಓಡಿಸುವುದು ನಿನ್ನ ಹೊಟ್ಟೆಪಾಡು, ಒಪ್ಪಿದೆ. ಆದರೆ ಕೂಸಾಗಿದ್ದಾಗ ನಿನ್ನ ತಲೆಗೆ ನೀರೆರೆದು ಜ್ಞಾನಸ್ನಾನ ಮಾಡಿಸಿದ ಫಾದರ್ ಕೊರ್ನೆಲರನ್ನೇ ಜೈಲಿಗೆ ಒಯ್ಯಲು ಆ ಕಮ್ಯುನಿಸ್ಟರನ್ನು ಹೇರಿಕೊಂಡು ಬಂದೆಯಲ್ಲ, ಅದೂ ಈಸ್ಟರ್ ಮಂಗಳವಾರ! ಸೋಮವಾರ ಗಂಡಸರು ನಮ್ಮ ಮೇಲೆ ನೀರು ಸುರಿಯುತ್ತಾರೆ, ಮಂಗಳವಾರ ನಾವು ಅವರ ಮೇಲೆ ಸುರಿಯುತ್ತೇವೆ ಎಂಬುದು ಇಲ್ಲೇ ಹುಟ್ಟಿದ ನಿನಗೂ ಮರೆತುಹೋಯಿತೇ? ಊರಿನ ಹೆಂಗಸರೆಲ್ಲ ಆಗಲೇ ಬಕೆಟ್ ತುಂಬಿಸಿ ನಿಂತಿದ್ದೆವು; ನಿನ್ನ ಸಾಹೇಬ ಲಾರಿಯಿಂದ ಇಳಿದದ್ದೇ ತಡ, ಸುರಿದೆವು.

"ಸರ್ಕಾರಿ ಕೆಲಸಕ್ಕೆ ಅಡ್ಡ ಬರ್ತೀರೇನ್ರೇ?" ಎಂದು ನಿನ್ನ ಸಾಹೇಬ ಒದ್ದೆ ಮೀಸೆಯಲ್ಲೇ ಕೂಗಿದ.

"ಹಬ್ಬ ಕಣಪ್ಪಾ! ನೆಂದೋರು ನೆನೆಸಿದೋರಿಗೆ ಕಾಣಿಕೆ ಕೊಡ್ಬೇಕು. ನಮಗೆ ಬಣ್ಣದ ಮೊಟ್ಟೆ ಬೇಡ, ನಮ್ಮ ಫಾದರನ್ನ ಬಿಟ್ಟು ಹೋಗು," ಎಂದಳು ಪಕ್ಕದ ಮನೆಯ ಒತೀಲಿಯಾ, ಇನ್ನೊಂದು ಬಕೆಟ್ ಎತ್ತುತ್ತಾ.

ಬಿಟ್ಟೇ ಹೋದ! ಚಳಿಗೆ ಅವನ ಹಲ್ಲು ಕಟಕಟ ಎನ್ನುತ್ತಿದ್ದವು. ನೀನು ಸ್ಟೀರಿಂಗ್ ಮೇಲೆ ಮುಖ ಮುಚ್ಚಿಕೊಂಡು ನಗುತ್ತಿದ್ದುದನ್ನು ನಾನು ನೋಡಿದೆ. ಅದಕ್ಕೇ ಈ ಕಾಗದ. ಇಲ್ಲದಿದ್ದರೆ ನಿನ್ನ ಹೆಸರೂ ಎತ್ತುತ್ತಿರಲಿಲ್ಲ.

ಈಗ ಹಗಲಿರುಳು ಸರದಿಯ ಮೇಲೆ ಫಾದರ್ ಮನೆಯ ಬಾಗಿಲು ಕಾಯುತ್ತಿದ್ದೇವೆ. ಮತ್ತೆ ಬಂದರೆ ನೀರು ತಣ್ಣಗಿರುವುದಿಲ್ಲ, ನಿಮ್ಮವರಿಗೆ ಗೊತ್ತಿರಲಿ.

ಕಾಗದವನ್ನು ಒತೀಲಿಯಾಳ ಕೈಯಲ್ಲೇ ಕಳಿಸಿದ್ದೇನೆ, ಓದಿ ಒಲೆಗೆ ಹಾಕು. ನಿನ್ನ ಮಗಳಿಗೆ ಇನ್ನೂ ಜ್ಞಾನಸ್ನಾನ ಆಗಿಲ್ಲ. ಲಾರಿ ಬಿಟ್ಟು, ಅವಳನ್ನು ಎತ್ತಿಕೊಂಡು ನಡೆದು ಬಾ. ಫಾದರ್ ಕಾಯುತ್ತಿದ್ದಾರೆ; ಈ ಸಲ ನೀರು ಬೀಳುವುದು ಅವಳ ತಲೆಗೆ ಮಾತ್ರ. ಯಾವ ಭಾನುವಾರ ಬರುತ್ತೀ ಎಂದು ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆ.

ನಿನ್ನ ಅಜ್ಜಿ,
ಝೋಫಿಯಾ