ಬಾಲ್ಕನಿಯ ಆರನೆಯ ಮೆಟ್ಟಿಲು

ಬೈಲಹೊಂಗಲ
೨೬ ನವೆಂಬರ್ ೨೦೨೪, ಮಂಗಳವಾರ

ಚಿರಂಜೀವಿ ಸೌಭಾಗ್ಯವತಿ ವಿಜಯಾಳಿಗೆ ನಿನ್ನ ಅಪ್ಪ ಪರಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ, ನಿನ್ನವ್ವನ ಮೊಣಕಾಲೊಂದನ್ನು ಬಿಟ್ಟು. ಥಂಡಿ ಬಿತ್ತೆಂದರೆ ಅದು ತಕರಾರು ತೆಗೆಯುವುದು ನಿನಗೆ ಗೊತ್ತೇ ಇದೆ. ದೀಪಾವಳಿಗೆ ನೀನು ಬಂದು ಹೋದ ಮೇಲೆ ಬರೆಯುತ್ತೇನೆ ಎಂದಿದ್ದೆ. ತಡವಾಯಿತು, ಸಿಟ್ಟಾಗಬೇಡ. ಫೋನು ಇರುವಾಗ ಅಪ್ಪನಿಗೆ ಕಾಗದದ ಚಟ ಯಾಕೆ ಎಂದು ನಗಲೂ ಬೇಡ. ನೀನು ಫೋನು ಎತ್ತಿದಾಗಲೆಲ್ಲ ಸ್ಪೀಕರ್ ಹಾಕಿರುತ್ತೀ. ಹಿಂದೆ ನಿಮ್ಮತ್ತೆ ಕೆಮ್ಮುವುದು ನನಗೆ ಕೇಳಿಸುತ್ತದೆ. ಈ ಲಕೋಟೆಯ ಅಂಟಿನ ಮೇಲೆ ಅಡ್ಡಡ್ಡ ಸಹಿ ಮಾಡಿದ್ದೇನೆ. ಸಹಿಯ ಗೆರೆ ಕೂಡದಿದ್ದರೆ ಯಾರೋ ಬಿಚ್ಚಿ ಓದಿದ್ದಾರೆ ಎಂದು ತಿಳಿ. "ನಿಮಗ ನಿಮ್ಮ ನೆರಳಿನ ಮ್ಯಾಲೂ ಸಂಶೇ" ಎಂದು ನಿನ್ನವ್ವ ಬೈಯುತ್ತಾಳೆ. ಮೂವತ್ತೊಂದು ವರ್ಷ ಟಾಕೀಸಿನ ಗೇಟಿನಲ್ಲಿ ನಿಂತು, ನಿನ್ನೆಯ ಟಿಕೆಟನ್ನು ಇಂದಿನದೆಂದು ಕೊಡುವವರನ್ನೂ, ಎರಡು ಟಿಕೆಟಿಗೆ ಮೂರು ಮಂದಿ ನುಗ್ಗುವವರನ್ನೂ ನೋಡಿದವನಿಗೆ ಸಂಶಯ ಬರದೆ ಇನ್ನೇನು ಬರಬೇಕು?

ಮೊದಲೇ ಒಂದು ಮಾತು ಕೇಳಿಬಿಡುತ್ತೇನೆ. ಹದಿನೈದನೆಯ ತಾರೀಖು ಶುಕ್ರವಾರ ನೀನು ಎಲ್ಲಿದ್ದೆ? ಅಂದು ಸಂಜೆ ನಾನು ಫೋನು ಮಾಡಿದಾಗ "ನಮ್ಮ ಅತ್ತಿಯವರಿಗೆ ಜ್ವರಾ ಬಂದಾವಪ್ಪಾ, ಹೊಸ್ತಲಾನ ದಾಟಿಲ್ಲ ನಾ" ಅಂದೆ. ಹಿಂದೆ ಬಸ್ಸಿನ ಹಾರ್ನು ಕೇಳಿಸಿತು. ರಾಮದುರ್ಗದಲ್ಲಿ ನಿಮ್ಮ ಮನೆಯ ಪಡಸಾಲೆಯಲ್ಲಿ ಬಸ್ಸು ಓಡಾಡುವುದು ಯಾವಾಗಿನಿಂದ? ಉತ್ತರ ಈಗಲೇ ಬೇಡ. ಕಾಗದ ಪೂರ್ತಿ ಓದಿ ಆಮೇಲೆ ಹೇಳು.

ಆ ಶುಕ್ರವಾರವೇ ನಮ್ಮಲ್ಲಿ ದೊಡ್ಡ ಪಿಚ್ಚರು ಹತ್ತಿತು. ಅದರ ಹವಾ ಎರಡು ತಿಂಗಳ ಹಿಂದೆಯೇ ಎದ್ದಿತ್ತು. ಹೀರೋ ಅದರಲ್ಲಿ ಕರಿ ಅಂಗಿ ತೊಟ್ಟು, ಬಲಗೈಗೆ ಕೆಂಪು ವಸ್ತ್ರ ಸುತ್ತಿ, ಎಡ ಹುಬ್ಬಿನ ನಡುವೆ ಒಂದು ಗೀರು ಬಿಟ್ಟುಕೊಂಡಿದ್ದಾನೆ. ಪಿಚ್ಚರು ಬರುವ ಮುಂಚೆಯೇ ಊರಿನ ಅರ್ಧ ಗಂಡಸರ ಎಡ ಹುಬ್ಬು ಹರಿದಿದ್ದವು. ಬಜಾರದಲ್ಲಿ ಕರಿ ಅಂಗಿ ಸಿಗದೆ ಒಬ್ಬ ಬಿಳಿ ಅಂಗಿಗೆ ಬಣ್ಣ ಹಾಕಿಸಿ ತೊಟ್ಟು ಬಂದಿದ್ದ. ಬೆವರಿಗೆ ಅವನ ಕುತ್ತಿಗೆಯೂ ಕರ್ರಗಾಗಿತ್ತು. ಹೋಗಲಿ, ವಯಸ್ಸಿನವರು. ಬಾಲ್ಕನಿಯ ಗೇಟ್‌ಕೀಪರ ದುಂಡಪ್ಪ ನನಗಿಂತ ಎರಡು ವರ್ಷ ದೊಡ್ಡವನು. ಅವನೂ ಗುರುವಾರ ತಲೆಗೂ ಮೀಸೆಗೂ ಕರಿ ಹಚ್ಚಿ, ಕೈಗೆ ಕೆಂಪು ವಸ್ತ್ರ ಸುತ್ತಿಕೊಂಡು ಬಂದ.

"ಏನೋ ದುಂಡಪ್ಪಾ, ಕೈಗೆ ಪೆಟ್ಟ ಹತ್ತೈತೇನು?" ಎಂದೆ.

"ಸ್ಟೈಲ್ ಐತೋ ಪರಪ್ಪಾ. ನಿನಗ ತಿಳಿಯೂದಿಲ್ಲ ಬಿಡು."

ಶುಕ್ರವಾರ ಬೆಳಿಗ್ಗೆ ಆ ಬಣ್ಣ ಒಗ್ಗದೆ ಅವನ ಮುಖ ಕುಂಬಳಕಾಯಿಯಂತೆ ಬಾತು ಕಣ್ಣು ಮುಚ್ಚಿಹೋದವು. ದವಾಖಾನೆಗೆ ಹೋದ. ಕೆಳಗಿನ ಕ್ಲಾಸಿನ ಬಾಗಿಲು ಬಿಟ್ಟು ಎಂದೂ ಕದಲದ ನನ್ನನ್ನು ಅಂದು ಒಂದು ದಿನದ ಮಟ್ಟಿಗೆ ಬಾಲ್ಕನಿಗೆ ಹಾಕಿದರು.

ಟಾಕೀಸಿನ ಮುಂದೆ ಹೀರೋನ ಕಟೌಟಿಗೆ ಹಾಲು ಸುರಿದರು. ಎರಡು ಕ್ಯಾನು. ನಾನು ಹತ್ತಿರ ಹೋಗಿ ಮೂಸಿ ನೋಡಿದೆ, ಹಾಲಿಗಿಂತ ನೀರೇ ಹೆಚ್ಚು. ಒಳಗೆ ಪರದೆಯ ಮೇಲೆ ಹೀರೋ ಬರುವ ಮುಂಚೆಯೇ ಸೀಟಿ ಶುರುವಾದವು. ಬಂದ ಮೇಲೆ ಯಾರೂ ಅವನನ್ನು ನೋಡಲಿಲ್ಲ. ಎಲ್ಲರೂ ಮೊಬೈಲು ಎತ್ತಿ ಹಿಡಿದು ಅದರೊಳಗಿನ ಹೀರೋನನ್ನು ನೋಡಿದರು. ನೋಡುವುದಕ್ಕಿಂತ ನೋಡಿದೆವೆಂದು ತೋರಿಸುವ ಅವಸರವೇ ಹೆಚ್ಚಾಗಿ ಕಂಡಿತು ನನಗೆ. ಸೀಟಿ ಹೊಡೆದವರು ಮೊದಲು ಅಕ್ಕಪಕ್ಕದವರ ಬಾಯಿ ನೋಡಿಯೇ ಹೊಡೆಯುತ್ತಿದ್ದರು.

ಪಿಚ್ಚರು ಓಡುತ್ತದೋ ಇಲ್ಲವೋ ಎಂಬುದನ್ನು ನಾನು ಪರದೆ ನೋಡಿ ಹೇಳುವವನಲ್ಲ, ಬಾಗಿಲು ನೋಡಿ ಹೇಳುವವನು. ಹಾಡಿಗೆ ಮಂದಿ ಎದ್ದು ಹೊರಗೆ ಹೋದರೆ ಚಿಂತೆ ಇಲ್ಲ. ಫೈಟಿಗೆ ಎದ್ದು ಹೋದರೆ ಕಷ್ಟ. ಇಂಟರ್ವಲ್ಲಿನಲ್ಲಿ ಗಂಟೆ ಬಾರಿಸಿದ ಮೇಲೂ ಚಹಾ ಊದಿ ಊದಿ ಕುಡಿಯುತ್ತ ನಿಂತರೆ ಆ ಪಿಚ್ಚರಿನ ಆಸೆ ಬಿಡಬೇಕು. ಟಾಕೀಸಿನ ಮಾಲೀಕರಾದ ಬಸವಲಿಂಗ ಸಾಹುಕಾರರು ಇಷ್ಟು ವರ್ಷ ಎರಡನೆಯ ವಾರಕ್ಕೆ ಪಿಚ್ಚರು ಇಡಬೇಕೋ ಕಳಿಸಬೇಕೋ ಎಂದು ನನ್ನನ್ನು ಕೇಳಿಯೇ ನಿರ್ಧರಿಸುತ್ತಿದ್ದರು. ಅಂದು ಮ್ಯಾಟಿನಿಯಲ್ಲಿ ಫೈಟಿಗೇ ನಲವತ್ತು ಮಂದಿ ಎದ್ದು ಬಂದರು. ಚಹಾದವನ ಕೆಟಲಿ ಎರಡು ಸಲ ತುಂಬಿತು.

"ಸಾಹುಕಾರ್ರ, ಸೋಮವಾರಕ್ಕ ಖಾಲಿ ಆಕ್ಕೈತ್ರಿ ಇದು" ಎಂದೆ.

ಮರುದಿನ ಅವರು ಮೊಬೈಲಿನಲ್ಲಿ ಒಂದು ವಿಡಿಯೋ ಮುಂದೆ ಹಿಡಿದರು. "ಇಲ್ಲಿ ನೋಡೋ. ಲಕ್ಷ ಮಂದಿ ನೋಡ್ಯಾರ. ಎಲ್ಲಾರೂ ಬೆಂಕಿ ಬೆಂಕಿ ಅನ್ನಾಕತ್ತಾರ. ನೀ ಒಬ್ಬಾವ ಉಚ್ಚಿಗೆ ಹೋದವರನ್ನ ಎಣಸ್ಕೋತ ಕುಂದರು."

ಆ ವಿಡಿಯೋ ಮನೋಳಿಯ ಸಂಜು ಎಂಬವನದು. ಅವನು ಮೈಕು ಹಿಡಿದು ಗೇಟಿನ ಹೊರಗೆ ನಿಂತು, ಪಿಚ್ಚರು ಮುಗಿಸಿ ಬಂದವರನ್ನು ಮಾತಾಡಿಸಿ ವಿಡಿಯೋ ಮಾಡುತ್ತಾನೆ. ಅದರಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ಇಂಟರ್ವಲ್ಲಿನಿಂದ ಕೊನೆಯವರೆಗೆ ಬಾಲ್ಕನಿಯಲ್ಲಿ ಗೊರಕೆ ಹೊಡೆದವನು. ನನಗೆ ತಡೆಯಲಾಗಲಿಲ್ಲ. ಹಿಡಿದು ಕೇಳಿದೆ: "ಏನಪಾ, ನೀ ಮಲಗಿದ್ದಿ. ಬೆಂಕಿ ಯಾವಾಗ ಹತ್ತಿತು?"

ಅವನು ನಕ್ಕ. "ಕಾಕಾ, ಛಲೋ ಇಲ್ಲ ಅಂದ್ರ ನನ್ನನ್ನ ವಿಡಿಯೋದಾಗ ಹಾಕತಾರೇನು? ಮ್ಯಾಲ ಎರಡ ತಿಂಗಳ ಎಲ್ಲಾರಿಗೂ ಹೇಳ್ಕೋತ ಅಡ್ಡಾಡೇನಿ, ಈ ಪಿಚ್ಚರ್ ಹಂಗೈತಿ ಹಿಂಗೈತಿ ಅಂತ. ಈಗ ಇಲ್ಲ ಅಂದ್ರ ದಡ್ಡ ಆಗಾವ ನಾನ ಅಲ್ಲ?"

ಈ ಮಾತು ನನ್ನ ತಲೆಯಲ್ಲಿ ಇವತ್ತಿಗೂ ಕುಳಿತಿದೆ. ಒಮ್ಮೆ ಹವಾ ಎಬ್ಬಿಸಿದವನು ಆಮೇಲೆ ಅದನ್ನು ಹೊತ್ತುಕೊಂಡೇ ತಿರುಗಬೇಕು. ಸಾಹುಕಾರರು ವಿಡಿಯೋ ನಂಬಿ ಎರಡನೆಯ ವಾರಕ್ಕೂ ಪಿಚ್ಚರು ಇಟ್ಟರು. ನಿನ್ನೆ ಸೋಮವಾರದ ಮ್ಯಾಟಿನಿಗೆ ಇಪ್ಪತ್ತಮೂರು ಮಂದಿ. ನನ್ನ ಮಾತೇ ನಿಜವಾಯಿತು, ಆದರೆ ನನಗೆ ಖುಷಿಯಾಗಲಿಲ್ಲ. ಕಾರಣ ಹೇಳುತ್ತೇನೆ.

ನಿನ್ನೆ ಸಾಹುಕಾರರು ಖಾಲಿ ಟಾಕೀಸಿನಲ್ಲಿ ಕುಳಿತು ಅದೇ ವಿಡಿಯೋವನ್ನು ಈ ಸಲ ಕೊನೆಯವರೆಗೆ ನೋಡುತ್ತಿದ್ದರು. ನನ್ನನ್ನು ಕರೆದು ತೋರಿಸಿದರು. ನಾಲ್ಕು ಹುಡುಗಿಯರು. ಮುಂದೆ ನಿಂತವಳು ನಿನ್ನ ನಾದಿನಿ ಅನ್ನಪೂರ್ಣಾ. ಮೈಕಿನಲ್ಲಿ ಹೇಳುತ್ತಿದ್ದಾಳೆ: "ನಾವು ರಾಮದುರ್ಗದಿಂದ ಬಂದೇವ್ರಿ, ಫಸ್ಟ್ ಡೇ ನೋಡಬೇಕಂತ. ನಮ್ಮ ವೈನಿ ಅವರ ಅಪ್ಪಾರು ಇದ ಟಾಕೀಸಿನ ಮ್ಯಾನೇಜರ್ ಅದಾರ." ಹಿಂದೆ ಒಬ್ಬಳು ಹಸಿರು ವೇಲನ್ನು ಮುಖಕ್ಕೆ ಅಡ್ಡ ಹಿಡಿದು ಅತ್ತ ತಿರುಗಿದ್ದಾಳೆ.

ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮ ಟಾಕೀಸಿಗೆ ಒಬ್ಬಾವ ಮ್ಯಾನೇಜರ್ ಅದಾನಂತ ನನಗ ಇವತ್ತ ಗೊತ್ತಾತು ನೋಡು. ಯಾರ ಪೈಕಿ ಇವರು?"

"ನನಗ ಗೊತ್ತಿಲ್ರಿ" ಎಂದೆ.

ಬಾಜೂ ಮನೆಯ ರಾಮವ್ವನ ಮೊಬೈಲಿನಲ್ಲಿ ನಿನ್ನವ್ವನೂ ಅದನ್ನು ನೋಡಿ ಬಂದಳು. "ಆ ಹಸಿರ ವೇಲಿನಾಕಿ ನಮ್ಮ ವಿಜ್ಯಾ ಇದ್ದಂಗ ಅದಾಳಲ್ರಿ? ಊರಿಗೆ ಬಂದು ಮನಿಗೆ ಬರದ ಹೋದಳೇನು?" ಎಂದು ಕೇಳಿದಳು. "ಒಂದ ನಮೂನಿ ಮಂದಿ ಏಳ ಇರತಾರ ಸತ್ಯವ್ವಾ" ಎಂದು ತೇಲಿಸಿಬಿಟ್ಟೆ. ಅವಳು ನಂಬಿದಳೋ ಇಲ್ಲವೋ, ರಾತ್ರಿಯ ಪಲ್ಯಕ್ಕೆ ಉಪ್ಪು ಹಾಕುವುದನ್ನು ಮರೆತಿದ್ದಳು.

ಆ ಮ್ಯಾನೇಜರನನ್ನು ಹುಟ್ಟಿಸಿದವನು ನಾನೇ. ಅದನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ, ನೀನು ಅಲ್ಲಿಯೇ ಇದ್ದೆ. ನಿನ್ನನ್ನು ನೋಡಲು ನಿಮ್ಮ ಮಾವನವರು ಬಂದ ದಿನ ನಮ್ಮ ಮನೆಯ ಗೋಡೆಗೆ ಗಿಲಾವು ನಡೆದಿತ್ತು. ಸಾಹುಕಾರರು ಬೆಳಗಾವಿಗೆ ಹೋಗಿದ್ದರು, ಅವರ ಕ್ಯಾಬಿನ್ನಿನ ಕೀಲಿ ನನ್ನ ಹತ್ತಿರ ಇತ್ತು. ಬೀಗರನ್ನು ಧೂಳಿನಲ್ಲಿ ಕೂಡಿಸುವುದು ಬೇಡವೆಂದು ಅಲ್ಲಿ ಕೂಡಿಸಿದೆ. ತಪ್ಪು ಅದಲ್ಲ. ಎಲ್ಲ ಕುರ್ಚಿ ತುಂಬಿದ್ದವೆಂದು ನಾನು ಸಾಹುಕಾರರ ತಿರುಗುವ ಕುರ್ಚಿಯಲ್ಲಿ ಕುಳಿತೆ, ಅದು ತಪ್ಪು. ರಾಮವ್ವ ಸಂಬಂಧ ಕೂಡಿಸುವ ಉತ್ಸಾಹದಲ್ಲಿ "ಟಾಕೀಸ ಎಲ್ಲಾ ಇವರ ಕೈಯಾಗ ಐತ್ರಿ" ಎಂದಳು. ನಿಮ್ಮ ಮಾವನವರು "ಮ್ಯಾನೇಜರ್ ಅಂದ್ರ ಜವಾಬ್ದಾರಿ ಭಾಳ ಇರತೈತಿ, ಅಲ್ರಿ?" ಎಂದರು. ನೀನು ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನನ್ನನ್ನು ನೋಡಿದೆ. ನಾನು ಮೇಲೆ ಫ್ಯಾನು ನೋಡುತ್ತ "ಹೌದ್ರಿ" ಅಂದೆ. ಒಂದೇ ಮಾತು. ಅದಕ್ಕೆ ಈಗ ಲಕ್ಷ ಮಂದಿ ಸಾಕ್ಷಿ.

ವಿಡಿಯೋದ ಕೆಳಗೆ ಯಾರೋ ಬರೆದಿದ್ದಾರೆ: "ಅಲ್ಲಿ ಮ್ಯಾನೇಜರ್ ಯಾರೂ ಇಲ್ಲ, ಸುಳ್ಳ ಹೇಳಬ್ಯಾಡ್ರಿ." ಅದು ದುಂಡಪ್ಪನದೇ ಕೆಲಸ ಎಂದು ನನ್ನ ಗುಮಾನಿ, ಮುಖದ ಬಾವು ಇಳಿದಾಗಿನಿಂದ ನನ್ನನ್ನು ಒಂದು ಥರ ನೋಡುತ್ತಿದ್ದಾನೆ. ಯಾರೇ ಇರಲಿ, ಇಂದಲ್ಲ ನಾಳೆ ನಿಮ್ಮ ಮಾವನವರ ಕಣ್ಣಿಗೆ ಅದು ಬೀಳುತ್ತದೆ. ನಿನ್ನ ಮೇಲೆ ಸುಳ್ಳು ಹೇಳಿದ ಆರೋಪ ಬರುವುದು ನನಗೆ ಬೇಡ. ನೀನು ಹೂಂ ಅಂದರೆ ಬರುವ ಸೋಮವಾರ ಇದೇ ಖಾಕಿ ಅಂಗಿಯಲ್ಲಿ ರಾಮದುರ್ಗಕ್ಕೆ ಬಂದು, ನಿಮ್ಮ ಮಾವನವರ ಮುಂದೆ ಕುಳಿತು, ನಾನು ಗೇಟ್‌ಕೀಪರ ಎಂದು ಹೇಳಿ, ಅವರು ಆಡಿದ್ದನ್ನು ಕೇಳಿಸಿಕೊಂಡು ಬರುತ್ತೇನೆ. ಅಳಿಯಂದಿರಿಗೆ ಗೊತ್ತಿದ್ದು ಸುಮ್ಮನಿದ್ದಾರೋ, ಗೊತ್ತೇ ಇಲ್ಲವೋ, ಅದನ್ನೂ ತಿಳಿಸು. ಬೇಡ ಅಂದರೆ ಬರುವುದಿಲ್ಲ.

ನಿನ್ನವ್ವ ಗುರೆಳ್ಳು ಚಟ್ನಿ ಕುಟ್ಟಿ ಇಟ್ಟಿದ್ದಾಳೆ, ಯಾರಾದರೂ ಆ ಕಡೆ ಹೊರಟರೆ ಕಳಿಸುತ್ತೇನೆ. ನಿಮ್ಮತ್ತೆಗೆ ಜ್ವರ ನಿಜವಾಗಿಯೂ ಬಂದಿದ್ದರೆ ಕಡಿಮೆಯಾಗಲಿ. ಬಸವಣ್ಣ ನಿನ್ನನ್ನು ನಗುನಗುತ್ತ ಇಡಲಿ, ನಿನ್ನ ಹೊಟ್ಟೆ ತಂಪಾಗಿರಲಿ.

ಇಂತಿ ನಿನ್ನ ಅಪ್ಪ,
ಪರಪ್ಪ

ತಾ.ಕ.: ಇಷ್ಟೊತ್ತು ಪೊಲೀಸರಂತೆ ಸುತ್ತಿ ಬಳಸಿ ಕೇಳಿದೆ. ಕೇಳುವ ಅಗತ್ಯವೇ ಇರಲಿಲ್ಲ, ವಿಜ್ಯಾ. ಕತ್ತಲಲ್ಲಿ ಬಂದವರ ಮುಖಕ್ಕೆ ಬ್ಯಾಟರಿ ಬಿಡಬಾರದು, ಕಾಲಿಗೆ ಬಿಡಬೇಕು. ಅದು ನಮ್ಮ ಕೆಲಸದ ರೀತಿ. ಹೀಗಾಗಿ ಅಂದು ನಾನು ನಾಲ್ಕು ಜೋಡಿ ಕಾಲು ಮಾತ್ರ ನೋಡಿದೆ. ಬಾಲ್ಕನಿಯ ಆರನೆಯ ಮೆಟ್ಟಿಲು ಉಳಿದವುಗಳಿಗಿಂತ ನಾಲ್ಕು ಬೆರಳು ಎತ್ತರ. ಮೊದಲಿನ ಮೂವರೂ ಎಡವಿದರು. ನಾಲ್ಕನೆಯವಳು ನನ್ನ ಬೆಳಕು ಅಲ್ಲಿಗೆ ಮುಟ್ಟುವ ಮೊದಲೇ ಕಾಲು ಎತ್ತಿಟ್ಟಳು. ನನಗೆ ಬುತ್ತಿ ತರುತ್ತಿದ್ದ ನಿನ್ನವ್ವನ ಸೆರಗು ಹಿಡಿದು ಆ ಮೆಟ್ಟಿಲುಗಳ ಮೇಲೆ ಆಡಿ ಬೆಳೆದವಳು ಜಗತ್ತಿನಲ್ಲಿ ಒಬ್ಬಳೇ. ಎಡಗಾಲ ಹರಡಿನ ಮೇಲೆ, ನನ್ನ ಸೈಕಲ್ಲಿನ ಕಡ್ಡಿಗೆ ಸಿಕ್ಕು ಆದ ಕಲೆಯೂ ಕಂಡಿತು.

ಅಪ್ಪ ಕೆಳಗಿನ ಬಾಗಿಲಲ್ಲಿರುತ್ತಾನೆಂದು ನೀನು ಬಾಲ್ಕನಿ ಆರಿಸಿದ್ದೆ. ಬ್ಯಾಟರಿಯ ಹಿಂದಿನ ನನ್ನ ಮುಖ ಕತ್ತಲಲ್ಲಿ ಉಳಿದವರಿಗೆ ಕಾಣಲಿಲ್ಲ, ನೀನು ಗುರುತು ಹಿಡಿದು ಅರೆಗಳಿಗೆ ನಿಂತೆ. ಅನ್ನಪೂರ್ಣಾ "ಬರ್ರಿ ವೈನಿ" ಎಂದಳು. ನೀನು ಸೀಟಿನಲ್ಲಿ ಕುಳಿತು, ತಲೆ ಎತ್ತದೆ, "ಥ್ಯಾಂಕ್ಸ್ರಿ ಕಾಕಾ" ಎಂದೆ. ಊರ ಮಂದಿಗೆಲ್ಲ ನಾನು ಕಾಕಾನೇ. ಆದರೆ ನಿನ್ನ ಬಾಯಿಂದ ಅದನ್ನು ಮೂವತ್ತೊಂದು ವರ್ಷದಲ್ಲಿ ಕೇಳಿರಲಿಲ್ಲ. ಅಂದು ಸಂಜೆ ಫೋನು ಮಾಡಿದ್ದು ನಿನ್ನನ್ನು ಸಿಕ್ಕಿಸಲು ಅಲ್ಲ. ಒಂದು ಸಲ ಅಪ್ಪಾ ಅನ್ನುತ್ತೀಯೇನೋ ಎಂದು.

ನಿನ್ನ ಮೇಲೆ ಸಿಟ್ಟಿಲ್ಲ. ನಾನು ಹೇಳಿದ ಸುಳ್ಳನ್ನು ನೀನು ಕಾಯ್ದೆ, ಅಷ್ಟೇ. ನಾನು ರಾಮದುರ್ಗಕ್ಕೆ ಬರುವುದು ಬೇಡ ಎಂದೇ ನಿನ್ನ ಉತ್ತರವಾದರೆ, ಮುಂದಿನ ಸಲ ಪಿಚ್ಚರಿಗೆ ಬರುವ ಮುಂಚೆ ಒಂದು ಮಿಸ್ ಕಾಲ್ ಕೊಡು. ನಿಮ್ಮ ಮಂದಿ ಕುಳಿತುಕೊಳ್ಳುವವರೆಗೆ ನಾನು ಹಿಂದಿನ ಜನರೇಟರ್ ಕೋಣೆಯಲ್ಲಿ ಇರುತ್ತೇನೆ. ಅವರು ಎಡವದಂತೆ ಬ್ಯಾಟರಿ ಹಿಡಿಯಲು ದುಂಡಪ್ಪನಿಗೆ ಹೇಳಿರುತ್ತೇನೆ. ನಿನಗೆ ಅದು ಬೇಕಾಗುವುದಿಲ್ಲ.