ಭೂಮಿಕಾ ಮಾತು ಮುಗಿಸುವವರೆಗೆ

ಸಾರ್ವಜನಿಕ ಪ್ರಸಾರದ ಅನುದಾನ ಪರಿಶೀಲನಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ನಮ್ಮ ಟಿವಿ ಕೇಂದ್ರದ ಮಕ್ಕಳ ಕಾರ್ಯಕ್ರಮಕ್ಕೆ ಬರುತ್ತಿದ್ದ ಅನುದಾನವನ್ನು ಈ ತಿಂಗಳ ಕೊನೆಗೆ ನಿಲ್ಲಿಸಲು ನೀವು ಹೊರಟಿದ್ದೀರಿ. ಕಾರಣ, ಅದರಲ್ಲಿ 'ಖಾಲಿ ಸಮಯ' ಜಾಸ್ತಿಯಂತೆ. ತುಮಕೂರಿನ ಸಭೆಯಲ್ಲಿ ಒಂದು ಕಂತು ಹಾಕಿಸಿ ನೋಡಿದಿರಿ. ನಿರೂಪಕಿಯಾದ ನಾನು ಪ್ರಶ್ನೆ ಕೇಳಿ ಸುಮ್ಮನೆ ನಿಂತ ಕಡೆಯೆಲ್ಲ ಗಡಿಯಾರ ನೋಡಿಕೊಂಡಿರಿ. "ಏನ್ ಮೇಡಂ, ಡೈಲಾಗ್ ಮರ್ತೋಯ್ತಾ?" ಎಂದು ನಕ್ಕಿರಿ. ನಿಮ್ಮ ಎಡಬಲದವರೂ ನಕ್ಕರು. ಅಧ್ಯಕ್ಷರು ನಕ್ಕ ಮೇಲೆ ನಗದಿರಲು ಅವರಿಗೇನು ಹುಚ್ಚೇ?

ಮರೆತಿರಲಿಲ್ಲ, ಸ್ವಾಮಿ. ಸುಮ್ಮನಿರುವುದೇ ನನ್ನ ಕೆಲಸದ ಮುಖ್ಯ ಭಾಗ. ಕುಣಿಗಲ್ಲಿನ ಕುದುರೆಗಳನ್ನು ತೋರಿಸಿ, "ಕುದುರೆ ನಿಂತ್ಕೊಂಡೇ ನಿದ್ದೆ ಮಾಡುತ್ತಾ?" ಎಂದು ಕೇಳುತ್ತೇನೆ. ಆಮೇಲೆ ಎದುರಿಗೆ ಮಗು ಕೂತಿರುವಂತೆ ಕ್ಯಾಮೆರಾವನ್ನೇ ನೋಡುತ್ತಾ ಕಾಯುತ್ತೇನೆ. ಮನೆಮನೆಯಲ್ಲಿ ಮಕ್ಕಳು ಉತ್ತರ ಹೇಳುವುದು ಆಗಲೇ. ತಮ್ಮ ಸದ್ದಿಲ್ಲದ ಜಾಗವೆಲ್ಲ ದೊಡ್ಡವರಿಗೆ ಖಾಲಿಯಾಗಿ ಕಾಣುತ್ತದೇನೋ. ನಮ್ಮ ಸಂಕಲನಕಾರ ಪ್ರಭುದೇವ ಮಾತ್ರ ಇಷ್ಟು ವರ್ಷದಲ್ಲಿ ಒಮ್ಮೆಯೂ ಅದಕ್ಕೆ ಕತ್ತರಿ ಹಾಕಿಲ್ಲ.

ಗುಬ್ಬಿಯ ಭೂಮಿಕಾ ಎರಡನೇ ಕ್ಲಾಸಿನ ಹುಡುಗಿ, ಮಾತು ತಡವರಿಸುತ್ತದೆ. ಶಾಲೆಯಲ್ಲಿ ಅವಳು ಬಾಯಿ ತೆರೆದರೆ ಪಕ್ಕದವರು ವಾಕ್ಯ ಮುಗಿಸಿಬಿಡುತ್ತಾರೆ. ಹಾಗಾಗಿ ತೆರೆಯುವುದನ್ನೇ ಬಿಟ್ಟಿದ್ದಾಳೆ. ತಾಯಿ ಸಿದ್ದಗಂಗಮ್ಮ ವಸಂತನರಸಾಪುರದ ಕಾರ್ಖಾನೆಯಲ್ಲಿ ದುಡಿಯುತ್ತಾರೆ. ಬಟವಾಡಿಯ ನನ್ನ ಬಾಡಿಗೆ ಮನೆ ಹುಡುಕಿಕೊಂಡು ಬಂದು ಅವರು ಹೇಳಿದ್ದು ಇಷ್ಟು: "ಅಕ್ಕ, ನಮ್ ಹುಡುಗಿ ಯಾರ ಹತ್ರನೂ ಮಾತಾಡಲ್ಲ, ಟಿವೀಲಿ ನೀವು ಬಂದ್ರೆ ನಿಮ್ ಹತ್ರ ಆಡ್ತಾಳೆ ಕಣಕ್ಕ. ಕುದುರೆ ತೋರಿಸಿದ್ರಲ್ಲ, ಅವತ್ತು 'ನಾನೂ ಬಸ್ಸಲ್ಲಿ ನಿಂತ್ಕೊಂಡೇ ಮಲಗಿದ್ದೆ' ಅಂದ್ಳು. ಪೂರ್ತಿ ಅಂದ್ಳು!" ಹೇಳುತ್ತಲೇ ಅತ್ತರು. ನನಗೂ ಕಣ್ಣು ತುಂಬಿತು, ಅದನ್ನು ಮುಚ್ಚಿಡುವುದೇಕೆ?

ಮಕ್ಕಳಿಗೆ ಮೊಬೈಲ್ ಇದೆಯಲ್ಲ ಎಂದಿರಿ. ಇದೆ. ಆ ಮನೆಯ ಒಂದೇ ಮೊಬೈಲು ಸಿದ್ದಗಂಗಮ್ಮನ ಜೊತೆ ಕೆಲಸಕ್ಕೆ ಹೋಗುತ್ತದೆ. ಮನೆಯಲ್ಲಿದ್ದರೂ, ಮಗು ಯೋಚಿಸುತ್ತಾ ಕೂತರೆ ಅದು ಮುಂದಿನ ವಿಡಿಯೋಗೆ ಹಾರುತ್ತದೆ. ಖಾಸಗಿ ಚಾನೆಲ್ಲುಗಳು ಮಾಡಿಕೊಳ್ಳಲಿ ಎಂದಿರಿ. ತಡವರಿಸುವ ಮಗುವಿಗಾಗಿ ಸುಮ್ಮನೆ ನಿಲ್ಲುವವಳಿಗೆ ಯಾವ ಸೋಪಿನ ಕಂಪನಿ ಜಾಹೀರಾತು ಕೊಡುತ್ತದೆ, ತಾವೇ ಹೇಳಿ. ಲಾಭವಿಲ್ಲದ ಇಂಥ ಕೆಲಸಕ್ಕೆಂದೇ ಅಲ್ಲವೇ ಜನರ ದುಡ್ಡಿನಲ್ಲಿ ನಡೆಯುವ ಪ್ರಸಾರ ಇರುವುದು?

ಸಭೆಗೆ ನಾನು ತಾಯಿ ಮಗಳಿಬ್ಬರನ್ನೂ ಕರೆತಂದಿದ್ದೆ. ನೆನಪಿದೆಯೇ? "ಏನ್ ಪುಟ್ಟಿ, ಈ ಕಾರ್ಯಕ್ರಮ ಯಾಕೆ ಇಷ್ಟ ನಿಂಗೆ?" ಎಂದು ನೀವೇ ಕೇಳಿದಿರಿ. ಒಳ್ಳೆಯ ಪ್ರಶ್ನೆ. ಅವಳು ಅಮ್ಮನ ಸೆರಗು ಬಿಟ್ಟು ಎದ್ದು ನಿಂತಳು. "ಅ... ಅ... ಅಕ್ಕ..." ಎನ್ನುವಷ್ಟರಲ್ಲಿ ನೀವು, "ಅಕ್ಕ ಅಂದ್ರೆ ಇಷ್ಟ, ಅಲ್ವಾ? ಗುಡ್, ಕೂತ್ಕೋ" ಎಂದು ಮುಂದಿನ ವಿಷಯಕ್ಕೆ ಹೋದಿರಿ. ಅವಳು ಕೂರಲಿಲ್ಲ. ಬಾಯಿ ತೆರೆದೇ ಇತ್ತು. ಸಿದ್ದಗಂಗಮ್ಮ ಕೈಹಿಡಿದು ಹೊರಗೆ ಕರೆದುಕೊಂಡು ಹೋದರು. ಅವತ್ತು ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಮೂವರೂ ಕೂತೆವು. ನಾವಿಬ್ಬರು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಮತ್ತೆ ಶುರು ಮಾಡಿ, ನಿಮ್ಮೆದುರು ನಿಂತುಹೋದ ವಾಕ್ಯವನ್ನು ಮುಗಿಸಿದಳು: "ಅಕ್ಕ... ನಾನು ಹೇಳೋ ತನಕ... ಹೋಗಲ್ಲ."

ಟಿವಿಯೊಳಗಿನ ಅಕ್ಕನಿಗೆ ತನ್ನ ಮಾತು ಕೇಳಿಸುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತು. ಆದರೂ ಕಾಯುವವರು ಒಬ್ಬರಿದ್ದಾರೆ ಎಂಬ ಧೈರ್ಯದ ಮೇಲೆ ಅವಳು ಮಾತಾಡುತ್ತಾಳೆ. ಈಗ ಆ ಅಕ್ಕನನ್ನು ಹೊರಗೆ ಕಳಿಸುತ್ತಿರುವವರು ನೀವು.

ಅನುದಾನ ಉಳಿಸಿ. ಇದು ಬೇಡಿಕೊಳ್ಳುವುದಲ್ಲ, ಒತ್ತಾಯ. ಆದೇಶಕ್ಕೆ ಸಹಿ ಹಾಕುವ ಮೊದಲು ನೀವೇ ಗುಬ್ಬಿಗೆ ಹೋಗಿ, ಭೂಮಿಕಾಳಿಗೆ ಮತ್ತೆ ಅದೇ ಪ್ರಶ್ನೆ ಕೇಳಿ. ಅವಳ ಉತ್ತರವನ್ನು ಮೇಲೆಯೇ ಬರೆದುಬಿಟ್ಟಿದ್ದೇನೆ, ನಿಜ. ಅದನ್ನು ಅವಳ ಬಾಯಿಂದಲೇ ಕೇಳಬೇಕು. ಕೇಳುವಾಗ ಗಡಿಯಾರವನ್ನು ಜೇಬಿನಲ್ಲಿಡಿ, ಬಾಯಿ ಮುಚ್ಚಿಕೊಂಡಿರಿ, ಅವಳು ಮುಗಿಸುವವರೆಗೆ ಏಳಬೇಡಿ.

ಇಂತಿ,
ನಿಮ್ಮ ಉತ್ತರಕ್ಕೂ ಸುಮ್ಮನೆ ನಿಂತು ಕಾಯುತ್ತಿರುವ
ಸರ್ವಮಂಗಳ
(ಈ ತಿಂಗಳ ಕೊನೆಯವರೆಗಂತೂ ಮಕ್ಕಳ ಕಾರ್ಯಕ್ರಮದ ನಿರೂಪಕಿ)
ಬಟವಾಡಿ, ತುಮಕೂರು